ಸೆಲೆರಾನ್, ಡ್ಯುರಾನ್ ಮತ್ತು ಶ್ರೀರಂಗಮ್ಮನವರ ಇನ್‌ಸ್ಟಿಟ್ಯೂಟು

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಪದ್ಮಯ್ಯನವರ ಪಾತ್ರೆ ಅಂಗಡಿ. ಅದರ ಮಹಡಿಯ ಮೇಲೆ ಶ್ರೀರಂಗಮ್ಮನವರ ಟೈಪಿಂಗ್ ಇನ್‌ಸ್ಟಿಟ್ಯೂಟು. ಒಂದು ಕಾಲಕ್ಕೆ ಮೇಲೆ ಹನ್ನೆರಡು ಮಿಷನ್ನು ಒಟ್ಟಿಗೆ ಹೊಡೆದುಕೊಳ್ಳುವಾಗ ಕೆಳಗೆ ಗಿರಾಕಿಗಳು ಕೊಳಗದ ಬೆಲೆಯನ್ನು ಕೂಗಿ ಕೇಳಬೇಕಿತ್ತು. "ಏನಮ್ಮಾ ಇದು, ದಿನಾ ಆಲಿಕಲ್ಲು ಮಳೆ" ಎಂದು ಪದ್ಮಯ್ಯ ದೂರುತ್ತಿದ್ದರು. ೨೦೦೧ರ ಬೇಸಿಗೆಯ ಹೊತ್ತಿಗೆ ಅವರು ದೂರುವುದನ್ನು ನಿಲ್ಲಿಸಿ ವರ್ಷವಾಗಿತ್ತು. ಶ್ರೀರಂಗಮ್ಮನವರಿಗೆ ಆ ಮೌನದ ಅರ್ಥ ಚೆನ್ನಾಗಿ ಗೊತ್ತಿತ್ತು.

ಉಳಿದಿದ್ದವರು ಏಳು ಜನ. ಅದರಲ್ಲಿ ಮೂವರು ಮದುವೆ ಗೊತ್ತಾಗುವವರೆಗೆ ಬರುವವರು. ಇಬ್ಬರು ಮನೆಯಲ್ಲಿ ಕೂತರೆ ಬೈಯುತ್ತಾರೆಂದು ಬರುವವರು. ನಿಜವಾಗಿ ಟೈಪಿಂಗ್ ಕಲಿಯಲು ಬರುತ್ತಿದ್ದವರು ಹಂಸ ಮತ್ತು ಗಂಗಾಂಬಿಕೆ. ಹಂಸ ದೇವಸ್ಥಾನದ ಅರ್ಚಕರ ಮಗಳು, ಕನ್ನಡದಲ್ಲಿ ನಿಮಿಷಕ್ಕೆ ಅರವತ್ತು ಪದ ಹೊಡೆಯುತ್ತಿದ್ದಳು. ಗಂಗಾಂಬಿಕೆ ಹಳ್ಳಿಮೈಸೂರಿನಿಂದ ಬೆಳಗಿನ ಬಸ್ಸಿಗೆ ಬರುವವಳು, ಐವತ್ತು ಹೊಡೆದು ಹತ್ತು ಮಾತಾಡುತ್ತಿದ್ದಳು.

ಆಗ ಪೇಪರಿನಲ್ಲಿ ಒಂದು ಜಾಹೀರಾತು ಬಂತು. ಹಾಸನದ ಸಹಕಾರ ಸಂಘವೊಂದಕ್ಕೆ ಇಬ್ಬರು ಕನ್ನಡ ಟೈಪಿಸ್ಟರು ಬೇಕು; ಆಗಸ್ಟಿನಲ್ಲಿ ಕಂಪ್ಯೂಟರಿನ ಮೇಲೆ ಟೈಪಿಂಗ್ ಪರೀಕ್ಷೆ. ಶ್ರೀರಂಗಮ್ಮ ಅದನ್ನು ಮೂರು ಸಲ ಓದಿ, ಕತ್ತರಿಸಿ, ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡರು. ಎರಡು ಹುದ್ದೆ, ಇಬ್ಬರು ಹುಡುಗಿಯರು. ಇಬ್ಬರಿಗೂ ಸಿಕ್ಕಿಬಿಟ್ಟರೆ, 'ಶ್ರೀರಂಗಮ್ಮನವರ ಹತ್ತಿರ ಕಂಪ್ಯೂಟರೂ ಆಗುತ್ತಂತೆ' ಎಂಬ ಮಾತು ಊರಿನಲ್ಲಿ ತಾನೇ ನಡೆಯುತ್ತದೆ.

"ಇದೊಂದು ಕೈಹಿಡಿದರೆ ಇನ್‌ಸ್ಟಿಟ್ಯೂಟ್ ಉಳಿಯುತ್ತೆ" ಎಂದು ಗಂಡನಿಗೆ ಹೇಳಿದರು. "ಇಲ್ಲದಿದ್ರೆ ದೀಪಾವಳಿಗೆ ಬಾಗಿಲು."

ಗಂಡ ಸಂಪತ್ಕುಮಾರಾಚಾರ್ಯರು ಸಂಸ್ಕೃತ ಮೇಷ್ಟರಾಗಿ ನಿವೃತ್ತರಾದವರು. "ಯಾವ ವರ್ಷದ ದೀಪಾವಳಿ? ಹೋದ ಸಲಾನೂ ಇದೇ ಹೇಳಿದ್ದೆ" ಎಂದರು.

"ಈ ಸಲ ಪದ್ಮಯ್ಯನೋರು ಪಾತ್ರೆ ಗೋಡೌನಿಗೆ ಅಂತ ಮಹಡಿ ಅಳತೆ ತೆಗೆಸಿದಾರೆ."

ಆಚಾರ್ಯರು ಕೈಚಾಚಿ ಆ ಜಾಹೀರಾತನ್ನು ತೆಗೆದುಕೊಂಡು ಓದಿದರು.

ಅಂತೂ ಕಂಪ್ಯೂಟರ್ ಬೇಕಾಯಿತು. ಶ್ರೀರಂಗಮ್ಮನ ತಂಗಿಯ ಮಗ ವಿಶ್ವಾಸ್ ಡಿಪ್ಲೊಮಾ ಮುಗಿಸಿ, ಹಾಸನದ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ಜೋಡಿಸುತ್ತಿದ್ದ. ಭಾನುವಾರ ಬಂದವನು ಕಾಫಿ ಲೋಟ ಕೆಳಗಿಡುವುದಕ್ಕೂ ಮೊದಲೇ ತೀರ್ಪು ಕೊಟ್ಟ.

"ಡ್ಯುರಾನ್ ತಗೋ ದೊಡ್ಡಮ್ಮ. ಎಂಟುನೂರೈವತ್ತು ಮೆಗಾಹರ್ಟ್ಸು. ಬಡವರ ಪಾಲಿನ ಪ್ರೊಸೆಸರ್ ಅಂದ್ರೆ ಅದೇ."

"ನಾವು ಬಡವರು ಅಂತ ಯಾರೋ ಹೇಳಿದ್ದು?"

"ಅಯ್ಯೋ, ಹಾಗಲ್ಲ. ಕೊಟ್ಟ ದುಡ್ಡಿಗೆ ಜಾಸ್ತಿ ಕೆಲಸ ಮಾಡುತ್ತೆ ಅಂತ."

ವಿಷಯ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಪದ್ಮಯ್ಯನವರ ಮಗ ನಿಶ್ಚಲ್ ಚನ್ನರಾಯಪಟ್ಟಣದಲ್ಲಿ, ಬಸ್‌ಸ್ಟ್ಯಾಂಡಿನ ಹತ್ತಿರ, ಹೋದ ವರ್ಷ ತಾನೇ ಕಂಪ್ಯೂಟರ್ ಅಂಗಡಿ ಹಾಕಿದ್ದ. ಬಾಡಿಗೆಗಿರುವವರು ಮಾಲೀಕರ ಮಗನನ್ನು ಒಂದು ಮಾತು ಕೇಳದೆ ಕಂಪ್ಯೂಟರ್ ತರುವುದು ಹೇಗೆ? ಶ್ರೀರಂಗಮ್ಮ ಕೇಳಿದರು. ನಿಶ್ಚಲ್ ಮಾರನೆಯ ದಿನವೇ ಬಂದು, ಚಪ್ಪಲಿ ಬಿಟ್ಟು, ಕೈಕಟ್ಟಿ ನಿಂತು, ಸಣ್ಣ ದನಿಯಲ್ಲಿ ವಿಶ್ವಾಸನ ಮಾತನ್ನು ಪೂರ್ತಿ ತಳ್ಳಿಹಾಕಿದ.

"ಸೆಲೆರಾನ್ ತಗೊಳ್ಳಿ ಮೇಡಂ. ಇದೂ ಎಂಟುನೂರೈವತ್ತೇ. ಡ್ಯುರಾನ್ ಕೆಟ್ಟದ್ದು ಅಂತ ನಾನು ಹೇಳಲ್ಲ, ಆದರೆ ಅದು ಬಿಸಿ. ನಮ್ಮ ಮಹಡಿ ಮೇಲೆ ತಗಡು. ಏಪ್ರಿಲ್‌ನಲ್ಲಿ ಮನುಷ್ಯರೇ ಇರೋಕಾಗಲ್ಲ."

"ಬಿಸಿ ಅಂದ್ರೆ ಕೆಲಸ ಮಾಡುತ್ತೆ ಅಂತ" ಎಂದ ಮುಂದಿನ ಭಾನುವಾರ ಬಂದ ವಿಶ್ವಾಸ್. "ಸೆಲೆರಾನ್ ಯಾಕೆ ತಣ್ಣಗಿರುತ್ತೆ, ಕೇಳು."

"ತಾಳ್ಮೆ ಇರೋದ್ರಿಂದ" ಎಂದ ನಿಶ್ಚಲ್, ಮಂಗಳವಾರ.

ಅಲ್ಲಿಂದ ಒಂದು ತಿಂಗಳು ಇದೇ ನಡೆಯಿತು. ವಿಶ್ವಾಸನಿಗೆ ಭಾನುವಾರ ರಜ, ನಿಶ್ಚಲನಿಗೆ ಮಂಗಳವಾರ. ಆದ್ದರಿಂದ ಒಬ್ಬನ ವಾದಕ್ಕೆ ಇನ್ನೊಬ್ಬನ ಉತ್ತರ ಎರಡೋ ಐದೋ ದಿನ ತಡವಾಗಿ ಬರುತ್ತಿತ್ತು. ನಡುವಿನ ದಿನಗಳಲ್ಲಿ ಶ್ರೀರಂಗಮ್ಮ ಒಬ್ಬರ ಮಾತನ್ನು ಇನ್ನೊಬ್ಬರಿಗಾಗಿ ನೆನಪಿಟ್ಟುಕೊಂಡು ಕಾಯಬೇಕಾಗಿತ್ತು. ಹೀಗೆ ಕಾಯ್ದು ಕಾಯ್ದು ಅವರಿಗೇ ಒಂದಷ್ಟು ಪಾಂಡಿತ್ಯ ಬಂತು. ಸೆಲೆರಾನಿನ ಬೋರ್ಡಿನಲ್ಲೇ ಡಿಸ್‌ಪ್ಲೇ ಸೇರಿರುತ್ತದೆ, ಬೇರೆ ಕಾರ್ಡು ಬೇಡ. ಹೌದು, ಅದಕ್ಕೇ ಅದು ಇರುವ ರ‍್ಯಾಮನ್ನೇ ಕಿತ್ತು ತಿನ್ನುತ್ತದೆ. ಡ್ಯುರಾನ್ ಎಂಟುನೂರು ರೂಪಾಯಿ ಕಡಿಮೆ. ಹೌದು, ಆದರೆ ಒಳ್ಳೆಯ ಫ್ಯಾನಿಗೆ ಆ ದುಡ್ಡಿನಲ್ಲಿ ಅರ್ಧ ಹೋಗುತ್ತದೆ. ಅರಕಲಗೂಡಿನ ಜೆರಾಕ್ಸ್ ಅಂಗಡಿಯವರು ಸೆಲೆರಾನ್ ತಗೊಂಡು ಆರು ತಿಂಗಳಾಯಿತು, ಒಂದು ದಿನ ಕೈಕೊಟ್ಟಿಲ್ಲ. ಅರಕಲಗೂಡಿನವರು ಅದನ್ನು ಆನ್ ಮಾಡುತ್ತಾರೋ ಇಲ್ಲವೋ ಮೊದಲು ವಿಚಾರಿಸಿ.

ಶ್ರೀರಂಗಮ್ಮನಿಗೆ ಇಷ್ಟರಲ್ಲಿ ಚೆನ್ನಾಗಿ ಹಿಡಿಸಿದ್ದು 'ಕ್ಯಾಶ್' ಎಂಬ ವಿಷಯ. ಪ್ರೊಸೆಸರು ಮುಂದೆ ಬೇಕಾಗುವುದನ್ನು ತನ್ನ ಪಕ್ಕದಲ್ಲೇ ಸ್ವಲ್ಪ ತೆಗೆದಿಟ್ಟುಕೊಂಡಿರುತ್ತದೆ. ಡ್ಯುರಾನಿನಲ್ಲಿ ತೀರಾ ಹತ್ತಿರ ಇಟ್ಟುಕೊಳ್ಳುವ ಜಾಗ ಸೆಲೆರಾನಿನ ನಾಲ್ಕರಷ್ಟು ಎಂದು ವಿಶ್ವಾಸ್ ಬಿಡಿಸಿ ಹೇಳಿದ.

"ಇಷ್ಟೇ ತಾನೆ? ಬೆರಳು ಈ ಪದ ಹೊಡೀತಿರೋವಾಗ ಕಣ್ಣು ಆರು ಪದ ಮುಂದೆ ಓದ್ತಿರಬೇಕು. ಇಪ್ಪತ್ತಮೂರು ವರ್ಷದಿಂದ ಅದನ್ನೇ ಬಡ್ಕೋತಿದೀನಿ" ಎಂದರು. "ಅಂದರೆ ಡ್ಯುರಾನ್ ನಮ್ಮ ಹಂಸ ಇದ್ದ ಹಾಗೆ."

"ಅಂಗಾರೆ ಸೆಲೆರಾನು ನಾನಾ ಮೇಡಂ?" ಎಂದಳು ಗಂಗಾಂಬಿಕೆ.

"ನೀನು ಅದಕ್ಕಿಂತ ಬಿಸಿ. ಬಾಯಿ ಮುಚ್ಕೊಂಡು ಹೊಡಿ."

ಕೊನೆಗೆ ಶ್ರೀರಂಗಮ್ಮ, ಮಾತು ಸಾಕು, ಪರೀಕ್ಷೆ ಆಗಲಿ ಎಂದರು. ಜೂನಿನ ಒಂದು ಭಾನುವಾರ ಇಬ್ಬರೂ ತಮ್ಮ ತಮ್ಮ ಕಂಪ್ಯೂಟರು ತಂದು, ಕಿಟಕಿಯ ಬಳಿ ಟೈಪ್‌ರೈಟರಿನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ವಿಶ್ವಾಸ್ ಒಂದು ಪತ್ರಿಕೆಯ ಜತೆ ಬಂದ ಸಿ.ಡಿ. ಹಾಕಿದ. ಅದು ಹತ್ತು ನಿಮಿಷ ಏನೇನೋ ಲೆಕ್ಕ ಮಾಡಿ, ಡ್ಯುರಾನ್ ನೂರಕ್ಕೆ ಹದಿಮೂರರಷ್ಟು ಮುಂದೆ ಎಂದು ತೋರಿಸಿತು.

"ಇದು ಯಾವ ಕೆಲಸದಲ್ಲಿ ಮುಂದೆ?" ಎಂದು ಶ್ರೀರಂಗಮ್ಮ ಕೇಳಿದರು.

"ಎಲ್ಲ ಥರದ್ದರಲ್ಲೂ. ಲೆಕ್ಕ, ಚಿತ್ರ, ಆಟ..."

"ಟೈಪಿಂಗ್?"

"ಟೈಪಿಂಗ್ ಅಂತ ಬೇರೆ ಇರಲ್ಲ ದೊಡ್ಡಮ್ಮ."

"ಮತ್ತೆ ಅದೆಂಥ ಪರೀಕ್ಷೆಯೋ? ನಾವು ಮಾಡ್ತೀವಿ ನೋಡು."

ಅವರು ಮಾಡಿದ್ದು ಸ್ಪೀಡ್ ಪೇಪರು. ಹಂಸ ಡ್ಯುರಾನಿಗೆ, ಗಂಗಾಂಬಿಕೆ ಸೆಲೆರಾನಿಗೆ. ಹತ್ತು ನಿಮಿಷ ಒಂದೇ ಪಾಠ. ಆಮೇಲೆ ಜಾಗ ಬದಲಾಯಿಸಿ ಇನ್ನೊಂದು ಹತ್ತು ನಿಮಿಷ. ಪ್ರೊಸೆಸರಿನ ಶಕ್ತಿಯನ್ನು ಹೀಗೆ ಅಳೆದವರು ಬೇರೆ ಯಾರೂ ಇರಲಾರರು.

ಶುರುವಿನಲ್ಲೇ ಒಂದು ತೊಡಕಾಯಿತು. "ಮೇಡಂ, ನಾನು ಒಡೀತಿರದು ಒಂದು, ಬೀಳ್ತಿರದು ಇನ್ನೊಂದು. ಇದು ಯಾವ ಭಾಸೆನೋ ಗೊತ್ತಾಯ್ತಿಲ್ಲ" ಎಂದಳು ಗಂಗಾಂಬಿಕೆ.

ನಿಶ್ಚಲ್ ಬಗ್ಗಿ ನೋಡಿದ. "ಇದು ಕಂಪ್ಯೂಟರ್ ಕೀಲಿಮಣೆ ಮೇಡಂ. ಇಂಗ್ಲಿಷ್ 'ಕೆ' ಒತ್ತಿದ್ರೆ 'ಕ' ಬರುತ್ತೆ, 'ಎಂ' ಒತ್ತಿದ್ರೆ 'ಮ'. ಈಗ ಎಷ್ಟೋ ಕಡೆ ಇದನ್ನೇ..."

"ಆ ಮಕ್ಕಳಾಟ ನಮಗೆ ಬೇಡ. ನಮ್ಮ ಟೈಪ್‌ರೈಟರಿನಲ್ಲಿ ಹೇಗಿದೆಯೋ ಹಾಗೆ ಬರಬೇಕು. ಆಗಲ್ಲ ಅಂದ್ರೆ ಹೇಳಿ, ಸೆಲೆರಾನ್ ಸೋತಿತು ಅಂತ ಬರ್ಕೋತೀನಿ."

"ಅದು ಸೆಲೆರಾನಿಂದಲ್ಲ ಮೇಡಂ..."

"ಒಂದ್ನಿಮಿಷ" ಎಂದು ವಿಶ್ವಾಸ್ ಮೌಸು ಹಿಡಿದು, ಎರಡೂ ಕಂಪ್ಯೂಟರಿನಲ್ಲಿ ಎಲ್ಲೋ ಏನೋ ಒತ್ತಿದ. ಟೈಪ್‌ರೈಟರಿನ ಕೀಲಿಮಣೆ ಬಂತು. ಅವನು ಒತ್ತಿದ್ದು ಏನು ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಯಾವುದು ಗೆಲ್ಲುತ್ತದೆ ಎಂಬ ಆತುರ.

ಶ್ರೀರಂಗಮ್ಮ ಗಡಿಯಾರ ಹಿಡಿದು ನಿಂತರು. ಕೆಳಗಿನಿಂದ ಪದ್ಮಯ್ಯ ಕೂಡ ಮೇಲೆ ಹತ್ತಿ ಬಂದು ಮಗನ ಕಡೆಯ ಗೋಡೆಗೆ ಒರಗಿದರು. ಹತ್ತು ನಿಮಿಷ, ಮತ್ತೆ ಹತ್ತು ನಿಮಿಷ. ಶ್ರೀರಂಗಮ್ಮ ಕೆಂಪು ಪೆನ್ನಿನಲ್ಲಿ ತಪ್ಪು ಕಳೆದು ಕೂಡಿದರು. ಹಂಸ: ಡ್ಯುರಾನಿನಲ್ಲಿ ಅರವತ್ತು, ಸೆಲೆರಾನಿನಲ್ಲಿ ಅರವತ್ತು. ಗಂಗಾಂಬಿಕೆ: ಸೆಲೆರಾನಿನಲ್ಲಿ ಐವತ್ತು, ಡ್ಯುರಾನಿನಲ್ಲಿ ನಲವತ್ತೊಂಬತ್ತೂವರೆ.

"ನೋಡಿದ್ರಾ! ಅರ್ಧ ಪದ" ಎಂದರು ಪದ್ಮಯ್ಯ.

"ಆ ಅರ್ಧ ನಂದು ಕಣ್ರೀ, ಸೀನು ಬಂದ್ಬುಡ್ತು" ಎಂದಳು ಗಂಗಾಂಬಿಕೆ.

ವಿಶ್ವಾಸ್ ತಲೆ ಕೆರೆದುಕೊಂಡ. ಆಮೇಲೆ, ಹೇಳಬಾರದೆಂದಿದ್ದನ್ನು ಹೇಳುವವನ ಹಾಗೆ, ಪರದೆಯ ಮೇಲೆ ಒಂದು ಚಿಕ್ಕ ಕಿಟಕಿ ತೆರೆದ. ಅದರಲ್ಲಿ ಒಂದು ಗೆರೆ. "ಹಂಸ, ಸ್ವಲ್ಪ ಹೊಡೀರಿ" ಎಂದ. ಹಂಸ ಅರವತ್ತರ ವೇಗದಲ್ಲಿ ಹೊಡೆದಳು. ಗೆರೆ ನೆಲ ಬಿಟ್ಟು ಏಳಲಿಲ್ಲ.

"ಏನೋ ಅದು?"

"ಪ್ರೊಸೆಸರ್ ಎಷ್ಟು ಕೆಲಸ ಮಾಡ್ತಿದೆ ಅಂತ ತೋರಿಸುತ್ತೆ."

"ಬಿದ್ದೇ ಇದೆಯಲ್ಲೋ."

"ಹೂಂ. ಹಂಸ ಒಂದು ಕೀಲಿ ಒತ್ತಿ ಇನ್ನೊಂದಕ್ಕೆ ಹೋಗೋದರೊಳಗೆ ಅದು ಹತ್ತು ಹದಿನೈದು ಕೋಟಿ ಲೆಕ್ಕ ಮಾಡಬಹುದು. ಆದರೆ ಮಾಡೋಕೆ ಏನೂ ಇಲ್ವಲ್ಲ, ಸುಮ್ಮನೆ ಕೂತಿರುತ್ತೆ. ಟೈಪಿಂಗಿಗೆ ಹತ್ತು ವರ್ಷದ ಹಿಂದಿನ ಹಳೇ ಪ್ರೊಸೆಸರೂ ಸಾಕು ದೊಡ್ಡಮ್ಮ."

"ಸೆಲೆರಾನ್?"

"ಅದೂ ಸುಮ್ಮನೆ ಕೂತಿರುತ್ತೆ ಮೇಡಂ" ಎಂದ ನಿಶ್ಚಲ್. ತಿಂಗಳಲ್ಲಿ ಮೊದಲ ಸಲ ಇಬ್ಬರೂ ಒಪ್ಪಿದ್ದರು.

ಮೂಲೆಯಲ್ಲಿ ಕೂತಿದ್ದ ಆಚಾರ್ಯರು ಪೇಪರು ಮಡಿಸಿದರು. "ಹಾಗಾದರೆ ನೀವಿಬ್ಬರೂ ಒಂದು ತಿಂಗಳಿಂದ ವಾದ ಮಾಡಿದ್ದು ಎರಡರಲ್ಲಿ ಯಾವುದು ಚೆನ್ನಾಗಿ ನಿದ್ದೆ ಹೊಡೆಯುತ್ತೆ ಅಂತಲೋ?"

ಹುಡುಗಿಯರು ನಕ್ಕರು. ಶ್ರೀರಂಗಮ್ಮನಿಗೆ ಮಾತ್ರ ಇದು ಅವಮಾನವೆನಿಸಿತು. ಹುಡುಗಿ ಬೆರಳು ಮುರಿದುಕೊಂಡು ಅರವತ್ತು ಹೊಡೆದರೂ ಈ ಪೆಟ್ಟಿಗೆ ನಿದ್ದೆಯಿಂದ ಏಳುವುದಿಲ್ಲ ಎಂದರೆ ಏನರ್ಥ?

ಕೊನೆಗೆ ಅವರು ಎರಡನ್ನೂ ಕೊಂಡರು. ಡ್ಯುರಾನನ್ನು ಬಿಟ್ಟರೆ ತಂಗಿಯ ಮುಖ ನೋಡುವುದು ಕಷ್ಟ. ಸೆಲೆರಾನನ್ನು ಬಿಟ್ಟರೆ ಮೆಟ್ಟಿಲು ಹತ್ತುವಾಗ ದಿನಾ ಪದ್ಮಯ್ಯನವರ ಮುಖ ನೋಡಬೇಕು. ಅದಕ್ಕಾಗಿ ಹನ್ನೆರಡು ಟೈಪ್‌ರೈಟರಿನಲ್ಲಿ ಹತ್ತನ್ನು ಮಾರಿದರು. ಕೊಂಡುಕೊಂಡವನು ಅವನ್ನು ತೂಕಕ್ಕೆ ಕೇಳಿದ್ದ ಎಂಬುದನ್ನು ಅವರು ಗಂಡನಿಗೂ ಹೇಳಲಿಲ್ಲ.

ಜುಲೈ ಪೂರ್ತಿ ಅಭ್ಯಾಸ ನಡೆಯಿತು. ಮೊದಲ ವಾರ ಇಬ್ಬರ ವೇಗವೂ ಇಳಿಯಿತು. ಕಾರಣ ಪ್ರೊಸೆಸರ್ ಅಲ್ಲ ಎಂದು ಶ್ರೀರಂಗಮ್ಮ ಒಂದೇ ನೋಟಕ್ಕೆ ಕಂಡುಹಿಡಿದರು. ಹುಡುಗಿಯರು ಪರದೆ ನೋಡುತ್ತಿದ್ದರು. ಟೈಪಿಂಗಿನ ಮೊದಲ ಪಾಠವೇ ಕಣ್ಣು ಕಾಪಿಯ ಮೇಲೆ ಎಂಬುದು. ಕಾಪಿ ಎಂದರೆ ಎಡಗಡೆ ಇಟ್ಟುಕೊಂಡ, ನೋಡಿ ಹೊಡೆಯುವ ಹಾಳೆ. ಕೀಲಿ ನೋಡುವುದು ಆಲಸ್ಯ, ಹೊಡೆದದ್ದನ್ನು ನೋಡುವುದು ಅನುಮಾನ, ಎರಡೂ ವೇಗ ತಿನ್ನುತ್ತವೆ. ಶ್ರೀರಂಗಮ್ಮ ಮನೆಗೆ ಹೋಗಿ ಆಚಾರ್ಯರ ಎರಡು ಹಳೆಯ ಪಂಚೆ ತಂದು ಎರಡೂ ಪರದೆಗೆ ಹೊದಿಸಿದರು.

"ಇದೇನೇ, ನನ್ನ ಪಂಚೆ ಕಂಪ್ಯೂಟರಿಗೆ ಉಡಿಸಿದೀಯ?" ಎಂದರು ಆಚಾರ್ಯರು.

"ಒಳ್ಳೇದಕ್ಕೇ."

ವಿಶ್ವಾಸ್ ಬಂದು ಪಂಚೆಯ ಅಂಚೆತ್ತಿ ನೋಡಿ, ಮತ್ತೆ ಇಳಿಬಿಟ್ಟ. ಹಂಸ ಅರವತ್ತೆರಡಕ್ಕೆ ಹೋದಳು. ಗಂಗಾಂಬಿಕೆ ಐವತ್ತೈದು. ತಪ್ಪು ಎರಡು, ಮೂರು. ಪರದೆಯ ಕಡೆ ಕತ್ತು ತಿರುಗಿಸುವುದನ್ನೇ ಇಬ್ಬರೂ ಮರೆತರು.

ಟೈಪಿಂಗ್ ಪರೀಕ್ಷೆಗೆ ಅವರವರ ಮಿಷನ್ನನ್ನು ಅವರವರೇ ಹೊತ್ತುಕೊಂಡು ಹೋಗುವುದು ಹಿಂದಿನಿಂದ ಬಂದ ಪದ್ಧತಿ. ಪಳಗಿದ ಮಿಷನ್ನೇ ಬೇಕು. ಅನ್ಯರ ಮಿಷನ್ನಿನಲ್ಲಿ ಬೆರಳು ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಆಗಸ್ಟಿನ ಆ ಬೆಳಿಗ್ಗೆ ಚನ್ನಪ್ಪನ ಟೆಂಪೊಗೆ ಸೆಲೆರಾನೂ ಡ್ಯುರಾನೂ ಹತ್ತಿದವು. ಕೆಳಗೆ ಹುಲ್ಲು, ಮೇಲೆ ಹಾಸಿಗೆ, ಅದರ ಮೇಲೆ ಅವು.

"ಮಿಸನ್ನು ಈ ಸಲ ಅಗುರ ಐತೆ ಕಣವ್ವಾರೇ" ಎಂದ ಚನ್ನಪ್ಪ. "ಮುಂಚೆ ಆದ್ರೆ ಎತ್ತಿ ಇಳ್ಸೋವತ್ಗೆ ಸೊಂಟ ಬಿದ್ದೋಗದು. ಇದ್ರಾಗೆ ಒಳ್ಳೇದು ಯಾವ್ದು?"

"ಎರಡೂ ಒಂದೇ ಚನ್ನಪ್ಪ."

"ಮತ್ಯಾಕೆ ಎಲ್ಡು ತಗಂಡ್ರಿ?"

ಶ್ರೀರಂಗಮ್ಮ ರಸ್ತೆ ನೋಡಿದರು.

ಹಾಸನದ ಆ ಸಂಘದ ಗೇಟಿನಲ್ಲಿ ಅಟೆಂಡರ್ ಕೆಂಚಯ್ಯ ಟೆಂಪೊ ತಡೆದ. "ಏನ್ಸಾಮಾನು? ಡೆಲಿವರಿ ಇದ್ರೆ ಇಂದ್ಗಡೆ ಓಗಿ."

"ಡೆಲಿವರಿ ಅಲ್ಲಪ್ಪ, ಪರೀಕ್ಷೆಗೆ. ನಮ್ಮ ಹುಡುಗಿಯರ ಕಂಪ್ಯೂಟರು."

ಕೆಂಚಯ್ಯ ಒಂದು ಗಳಿಗೆ ಅವರನ್ನು ನೋಡಿ, ನಗಬೇಕೋ ಬೇಡವೋ ತಿಳಿಯದೆ ಒಳಗೆ ಹೋಗಿ ಕಾರ್ಯದರ್ಶಿಯನ್ನೇ ಕರೆತಂದ. ಕಾರ್ಯದರ್ಶಿ ನಲವತ್ತರ ಆಸುಪಾಸಿನ ಮೆದು ಮಾತಿನ ಮನುಷ್ಯ. "ಕಂಪ್ಯೂಟರು ಒಳಗಿವೆ ಮೇಡಂ. ಎಲ್ಲರಿಗೂ ಒಂದೇ ಥರದ್ದು. ಹೊರಗಿನಿಂದ ತರೋ ಹಾಗಿಲ್ಲ" ಎಂದ.

"ಒಳಗಿರೋದು ಯಾವ ಪ್ರೊಸೆಸರ್?"

ಪರೀಕ್ಷೆಯ ದಿನ ಯಾರೂ ಕೇಳದ ಪ್ರಶ್ನೆ. ಆತ ಒಳಗೆ ವಿಚಾರಿಸಿ ಬಂದು, "ಪೆಂಟಿಯಮ್ ತ್ರೀ ಅಂತೆ" ಎಂದ.

ಶ್ರೀರಂಗಮ್ಮನ ಎದೆ ಹಗುರವಾಯಿತು. ಸೆಲೆರಾನ್ ಅದರ ಬಡ ತಮ್ಮ ಎಂದು ನಿಶ್ಚಲನೇ ಒಪ್ಪಿಕೊಂಡಿದ್ದ. ಹುಡುಗಿಯರನ್ನು ಪಕ್ಕಕ್ಕೆ ಕರೆದರು.

"ಭಯ ಬೇಡ. ನಮ್ಮವೆರಡಕ್ಕಿಂತ ಒಳ್ಳೇದೇ ಇದೆ. ಸುತ್ತಮುತ್ತ ನೋಡಬೇಡಿ. ಕಣ್ಣು ಎಲ್ಲಿ?"

"ಕಾಪಿ ಮೇಲೆ" ಎಂದರು ಇಬ್ಬರೂ.

ಒಳಗೆ ಹನ್ನೊಂದು ಜನ ಕೂತರು. ಶ್ರೀರಂಗಮ್ಮ ವರಾಂಡದ ಬೆಂಚಿನಲ್ಲಿ ಕೂತು ಕಿವಿ ಕೊಟ್ಟರು. ಅವರಿಗೆ ನೋಡುವ ಅಗತ್ಯವಿರಲಿಲ್ಲ. ಗಂಟೆ ಹೊಡೆಯುತ್ತಿದ್ದಂತೆ ಒಂಬತ್ತು ಕಡೆಯಿಂದ ಕೋಳಿ ಕಾಳು ಹೆಕ್ಕುವ ಸದ್ದು ಎದ್ದಿತು. ಒತ್ತುವುದು, ನಿಲ್ಲುವುದು, ಹುಡುಕುವುದು. ಅದರ ನಡುವೆ ಎಡೆಬಿಡದೆ, ಒಂದೇ ಲಯದಲ್ಲಿ, ಎರಡು ಕೀಲಿಮಣೆ ಓಡುತ್ತಿದ್ದವು. ಮೂರನೆಯ ನಿಮಿಷದಲ್ಲಿ ಹಂಸ ಅರವತ್ತೆರಡು ದಾಟಿದ್ದು ಕೇಳಿಸಿತು. ಆರನೆಯದರಲ್ಲಿ ಅರವತ್ತೈದು. ಗಂಗಾಂಬಿಕೆ ಒಮ್ಮೆಯೂ ಎಡವಲಿಲ್ಲ. ಇಪ್ಪತ್ತಮೂರು ವರ್ಷದಲ್ಲಿ ಇಂಥ ಹತ್ತು ನಿಮಿಷ ಕೇಳಿರಲಿಲ್ಲ. ಪಕ್ಕದಲ್ಲಿದ್ದ ಚನ್ನಪ್ಪನ ಕಡೆ ತಿರುಗಿ, "ಇಬ್ಬರಿಗೂ ಕೆಲಸ ಆಯಿತು ಚನ್ನಪ್ಪ" ಎಂದರು.

ಗಂಟೆ ಹೊಡೆಯಿತು. ಹಂಸ ಆಗ ಮೊದಲ ಸಲ ತಲೆಯೆತ್ತಿ ಪರದೆ ನೋಡಿದಳು.

ಸ್ವಲ್ಪ ಹೊತ್ತಿನ ಮೇಲೆ ಕಾರ್ಯದರ್ಶಿ ಎರಡು ಹಾಳೆ ಹಿಡಿದುಕೊಂಡು ಹೊರಗೆ ಬಂದ. ಹಿಂದೆ ಇಬ್ಬರು ಹುಡುಗಿಯರು.

"ಇವರು ನಿಮ್ಮವರೇ ಅಲ್ವಾ ಮೇಡಂ? ಏನಾಯ್ತು ಅಂತ ನಮಗೂ ತಿಳೀತಿಲ್ಲ."

ಹಾಳೆ ತುಂಬ ಕನ್ನಡ ಅಕ್ಷರವೇ. ಸಾಲು ಸಾಲಾಗಿ, ಅಂಚು ಸರಿಯಾಗಿ, ಪ್ಯಾರಾ ಬಿಡಬೇಕಾದಲ್ಲಿ ಬಿಟ್ಟು. ಆದರೆ 'ಗಹಜಕ ಲತಲಕರಪ ಲನದತ' ಎಂದು ಶುರುವಾಗಿ ಕೊನೆಯವರೆಗೂ ಹಾಗೇ ಇತ್ತು.

ಒಳಗಿದ್ದದ್ದು 'ಕೆ' ಒತ್ತಿದರೆ 'ಕ' ಬೀಳುವ ಆ ಮಕ್ಕಳಾಟದ ಕೀಲಿಮಣೆ ಎಂದು ಶ್ರೀರಂಗಮ್ಮನಿಗೆ ತಿಳಿಯಿತು. "ಒಂದು ಸಲಾನೂ ಪರದೆ ನೋಡಲಿಲ್ವೇನೇ?"

"ನೀವೇ ಹೇಳಿದ್ರಲ್ಲ ಮೇಡಂ" ಎಂದಳು ಹಂಸ.

"ಸುರುಗೆ ಐದ್ನಿಮಿಸ ಅಭ್ಯಾಸ ಮಾಡ್ಕಳಿ ಅಂದಿದ್ರು" ಎಂದಳು ಗಂಗಾಂಬಿಕೆ. "ಆಗ್ಲೂ ಕಾಪಿನೇ ನೋಡ್ಕಂಡು ಒಡುದ್ವಿ."

ಶ್ರೀರಂಗಮ್ಮ ಬೆಂಚಿನ ಮೇಲೆ ಹಾಳೆ ಹರಡಿದರು. ಎರಡೂ ಕೈ ಬೆಂಚಿನ ಮರದ ಮೇಲೆ ಊರಿ, ಬೆರಳುಗಳನ್ನು ಅವುಗಳ ಮನೆಯಲ್ಲಿಟ್ಟರು. ಇಲ್ಲಿ 'ಕ' ಬಿದ್ದಿದೆ ಎಂದರೆ ಒತ್ತಿದ್ದು 'ಕೆ', ಬಲಗೈ ನಡುಬೆರಳು. 'ಲ' ಎಂದರೆ ಅದರ ಪಕ್ಕದ ಬೆರಳು. 'ತ' ಎಂದರೆ ಎಡಗೈ ತೋರುಬೆರಳು, ಮೇಲಿನ ಸಾಲು. ಬೆರಳು ಸಿಕ್ಕಿದರೆ ಸಾಕು, ಆ ಬೆರಳಿಗೆ ಟೈಪ್‌ರೈಟರಿನಲ್ಲಿ ಯಾವ ಅಕ್ಷರವೆಂದು ಅವರು ಯೋಚಿಸಬೇಕಾಗಿರಲಿಲ್ಲ. ಮರದ ಮೇಲೆ ಬೆರಳು ಆಡಿಸುತ್ತ, ಒಂದೊಂದೇ ಪದ ಬಿಡಿಸಿ ಗಟ್ಟಿಯಾಗಿ ಓದತೊಡಗಿದರು.

"'ಮಾನ್ಯ ಸದಸ್ಯರೇ, ಸಂಘದ ವಾರ್ಷಿಕ ಮಹಾಸಭೆಯನ್ನು...' ಇದೇ ಅಲ್ವಾ ನಿಮ್ಮ ಕಾಪಿ?"

ಕಾರ್ಯದರ್ಶಿ ಕೈಯಲ್ಲಿದ್ದ ಕಾಪಿ ನೋಡಿದ. "ಹೌದು" ಎಂದ. ಕೆಂಚಯ್ಯ ಹತ್ತಿರ ಬಂದು ನಿಂತ. ಕೆಲಸಕ್ಕೆ ಬಂದಿದ್ದ ಉಳಿದವರೂ ಸುತ್ತ ಸೇರಿದರು.

ಶ್ರೀರಂಗಮ್ಮ ಅರ್ಧ ಗಂಟೆ ಓದಿದರು. ಅಲ್ಲಲ್ಲಿ ಒಂದೆರಡು ಅಕ್ಷರ ಆ ಕೀಲಿಮಣೆಯ ಹೊಟ್ಟೆಗೆ ಹೋಗಿದ್ದವು, ಉಳಿದದ್ದೆಲ್ಲ ಇತ್ತು. ಪರ್ಸಿನಿಂದ ಕೆಂಪು ಪೆನ್ನು ತೆಗೆದು, ಹಾಳೆಯ ಕೊನೆಗೆ ಬರೆದರು: ಅರವತ್ತಾರು ಪದ. ತಪ್ಪು, ಒಂದು. ಗಂಗಾಂಬಿಕೆಯದು ಐವತ್ತೇಳು. ತಪ್ಪು, ಇಲ್ಲ.

"ನಿಮ್ಮ ಪರೀಕ್ಷೆಯಲ್ಲಿ ಇನ್ಯಾರಾದರೂ ಇದರ ಹತ್ತಿರ ಇದಾರಾ?"

"ಇಲ್ಲ ಮೇಡಂ" ಎಂದ ಕಾರ್ಯದರ್ಶಿ. ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. "ಅತಿ ಹೆಚ್ಚು ಅಂದ್ರೆ ಇಪ್ಪತ್ತೆರಡು. ಇವರು ಮೂರರಷ್ಟು. ನಾನೇ ಕಣ್ಣಾರೆ ನೋಡಿದೆ."

"ಮತ್ತೆ?"

"ನಮ್ಮ ಸದಸ್ಯರಿಗೆ ನೋಟಿಸ್ ಹೋಗುತ್ತೆ. ಪ್ರತಿ ನೋಟಿಸಿನ ಜತೆ ನಿಮ್ಮನ್ನೂ ಕಳಿಸೋಕಾಗಲ್ಲವಲ್ಲ ಮೇಡಂ."

"ಕೀಲಿಮಣೆ ಬದಲಾಯಿಸಬಹುದು. ನಮ್ಮ ಹುಡುಗ ಒಂದು ನಿಮಿಷದಲ್ಲಿ ಮಾಡಿದ್ದ. ಇನ್ನೊಂದು ಸಲ ಹತ್ತು ನಿಮಿಷ ಕೊಡಿ."

ಕಾರ್ಯದರ್ಶಿ ಸುತ್ತ ನೋಡಿದ. ಅಲ್ಲಿ ಉಳಿದ ಒಂಬತ್ತು ಜನ ಅವನ ಉತ್ತರಕ್ಕೆ ಕಾಯುತ್ತಿದ್ದರು. ಇಪ್ಪತ್ತೆರಡು ಹೊಡೆದವನು, "ಸಾ, ಅವ್ರಿಗೆ ಕೊಟ್ರೆ ನಮ್ಗೂ ಕೊಡ್ಬೇಕು ಸಾ" ಎಂದ. ಅವನು ಹೇಳಿದ್ದು ನ್ಯಾಯವೇ ಎಂದು ಶ್ರೀರಂಗಮ್ಮನಿಗೂ ಅನಿಸಿತು. ತಾವು ಟೈಪಿಂಗ್ ಪರೀಕ್ಷೆಗಳಿಗೆ ಮೇಲ್ವಿಚಾರಕಿಯಾಗಿದ್ದಾಗ ಇಂಥ ಎಷ್ಟು ಜನಕ್ಕೆ, ಗಂಟೆ ಹೊಡೆದ ಮೇಲೆ ಮುಗಿಯಿತು ಎಂದಿದ್ದರೋ.

ಮರುಪರೀಕ್ಷೆ ಆಗಲಿಲ್ಲ. ವಾಪಸು ಬರುವ ದಾರಿಯಲ್ಲಿ ಗಂಗಾಂಬಿಕೆ ಅಳುತ್ತಲೇ, "ಪೆಂಟಿಯಮ್ಮಿಗೆ ಬೆಂಕಿ ಬೀಳ" ಎಂದಳು. ಪ್ರೊಸೆಸರಿನ ಮೇಲೆ ಯಾವ ತಪ್ಪೂ ಇರಲಿಲ್ಲ. ಆದರೆ ಯಾರನ್ನಾದರೂ ಬಯ್ಯಬೇಕಲ್ಲ.

"ಆ ಇನ್ನೊಂದು ಕೀಲಿಮಣೆ ಕಲಿಯೋಕೆ ಎಷ್ಟು ದಿನ ಬೇಕು ಮೇಡಂ?" ಎಂದು ಹಂಸ ಕೇಳಿದಳು.

"ನಿನಗಾ? ಮೂರು ತಿಂಗಳು."

'ನಿಮಗೆ?' ಎಂದು ಅವಳು ಕೇಳಲಿಲ್ಲ. ಶ್ರೀರಂಗಮ್ಮ ಮಾರನೆಯ ಬೆಳಿಗ್ಗೆಯಿಂದ ತಮ್ಮಷ್ಟಕ್ಕೇ ಕೂತು ನೋಡಿದರು. ವಿಶ್ವಾಸನಿಗೆ ಫೋನು ಮಾಡಿ ಏನು ಒತ್ತಬೇಕೆಂದು ಕೇಳಿ, ಡ್ಯುರಾನಿನಲ್ಲಿ ಕೀಲಿಮಣೆ ಬದಲಾಯಿಸಿ, ಎಂಟು ದಿನ. 'ಕ' ಬೇಕು ಎಂದುಕೊಂಡರೆ ಬೆರಳು ಹಳೆಯ ಜಾಗಕ್ಕೇ ಹೋಗುತ್ತಿತ್ತು. ಬೈದರೂ ಹೋಗುತ್ತಿತ್ತು. ಒಂಬತ್ತನೆಯ ದಿನ ಸೆಲೆರಾನಿಗೆ ಹೋಗಿ ಕೂತರು. ಅಲ್ಲೂ ಅದೇ. ಆಚಾರ್ಯರು ಕಾಫಿ ತಂದವರು ಬಾಗಿಲಲ್ಲೇ ನಿಂತು ನೋಡಿ, ತಮಾಷೆ ಮಾಡದೆ ಲೋಟ ಇಟ್ಟು ಹೋದರು.

ದೀಪಾವಳಿಗೆ ಎರಡು ವಾರವಿರುವಾಗ ಶ್ರೀರಂಗಮ್ಮ ತಾವೇ ಏಳು ಜನರನ್ನೂ ಕರೆದುಕೊಂಡು ಬಸ್‌ಸ್ಟ್ಯಾಂಡ್ ರಸ್ತೆಯ ಹೊಸ ಕಂಪ್ಯೂಟರ್ ಸೆಂಟರಿಗೆ ಹೋದರು. ನಡೆಸುತ್ತಿದ್ದವನು ವಂಶಿ. ಆರು ವರ್ಷದ ಹಿಂದೆ ಅವರಲ್ಲೇ ಕಲಿತು, ಕೀಲಿ ನೋಡಿ ಹೊಡೆಯುವ ಚಾಳಿ ಬಿಡಲಾರದೆ ಎರಡು ಸಲ ಜೂನಿಯರ್ ಟೈಪಿಂಗ್ ಪರೀಕ್ಷೆಯಲ್ಲಿ ಫೇಲಾದವನು. ಅವನು ಗಡಬಡಿಸಿ ಎದ್ದು ಕುರ್ಚಿ ಕೊಟ್ಟ.

"ನೀವು ಯಾಕೆ ಬಂದ್ರಿ ಮೇಡಂ, ಹೇಳಿ ಕಳಿಸಿದ್ರೆ ನಾನೇ ಬರ್ತಿದ್ದೆ."

"ಇವರನ್ನು ಸೇರಿಸ್ಕೋ. ಬೆರಳು ಚೆನ್ನಾಗಿದೆ. ಕನ್ನಡ ಮೊದಲಿಂದ ಹೇಳ್ಕೊಡು, ನಾನು ಕಲಿಸಿದ್ದು ಏನೂ ಗೊತ್ತಿಲ್ಲ ಅಂದ್ಕೊಂಡು ಹೇಳ್ಕೊಡು."

ವಂಶಿ ಹಂಸಳನ್ನು ಒಂದು ಕಂಪ್ಯೂಟರಿನ ಮುಂದೆ ಕೂರಿಸಿದ. "ಪರದೆ ನೋಡ್ಕೊಂಡು ಒತ್ತಿ. 'ಕೆ' ಒತ್ತಿದ್ರೆ 'ಕ'." ಹಂಸಳ ಕತ್ತು ಎಡಕ್ಕೆ, ಕಾಪಿ ಇಲ್ಲದ ಖಾಲಿ ಮೇಜಿನ ಕಡೆಗೆ ತಿರುಗಿತು. ವಂಶಿ ಮತ್ತೆ ಹೇಳಿದ. ಅವಳು ನೋಡಿದಳು, ಒಂದು ಒತ್ತಿದಳು, ಕತ್ತು ಮತ್ತೆ ಎಡಕ್ಕೆ ಹೋಯಿತು. ಶ್ರೀರಂಗಮ್ಮ ಎದ್ದು ಅವಳ ಹಿಂದೆ ನಿಂತು, ಎರಡೂ ಅಂಗೈಯಲ್ಲಿ ಅವಳ ಮುಖ ಹಿಡಿದು ಪರದೆಯ ಕಡೆ ತಿರುಗಿಸಿದರು. ಬಿಡಲಿಲ್ಲ.

"ಒತ್ತು" ಎಂದರು.

ಹಂಸ ಒತ್ತಿದಳು. ನಿಂತಳು. ಹುಡುಕಿದಳು. ಮತ್ತೊಂದು ಒತ್ತಿದಳು. ಶ್ರೀರಂಗಮ್ಮ ಗಡಿಯಾರ ನೋಡಿಕೊಳ್ಳದೆಯೇ ಎಣಿಸುತ್ತಿದ್ದರು. ನಿಮಿಷಕ್ಕೆ ನಾಲ್ಕು ಪದ.